ನೀಲಿ ನೀರಿನಲ್ಲಿ ತೇಲಿದ ಹನಿ

ತುನ್ಯಾ ರಕ್ತ ಕೊಡುವುದು ಬಿಟ್ಟಿ ಊಟದ ಆಸೆಗೆ ಎಂದು ನಮ್ಮೂರಿನಲ್ಲಿ ಕೆಲವರು ಆಡಿಕೊಳ್ಳುತ್ತಿದ್ದರು. ಅಂಥವರ ಬಾಯಿಗೆ ಹುಳ ಬೀಳಲಿ. ರಕ್ತ ಕೊಟ್ಟವರಿಗೆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಬೀನ್ಸ್ ಕಾಳಿನ ಸಾರು ಬಡಿಸುವುದು ನಿಜ, ಅದರಲ್ಲಿ ಹೊಗೆ ಹಿಡಿಸಿದ ಮಾಂಸದ ತುಂಡು ತೇಲುವುದೂ ನಿಜ. ಆದರೆ ತುನ್ಯಾ ಪ್ರತಿ ಸಲವೂ ಬಟ್ಟಲಲ್ಲಿ ಅರ್ಧ ಉಳಿಸಿಯೇ ಏಳುತ್ತಿದ್ದ. ಪಕ್ಕದಲ್ಲಿ ಕೂತು ಉಂಡವನು ನಾನು, ನನಗೆ ಗೊತ್ತು. ಅವನಿಗೆ ಬೇಕಾಗಿದ್ದದ್ದು ಸಾರಲ್ಲ, ಬೆಂಚು. ಎರಡೂ ಪಕ್ಕದಲ್ಲಿ ಜನ ಕೂತಿರುವ ಬೆಂಚು.

ಅವನು ರೈಲ್ವೆ ಗೇಟಿನವನು. ಓಸಿಯೆಕ್ ಪಟ್ಟಣದ ಕಡೆಯಿಂದ ಬರುವ ಹಳಿ ನಮ್ಮ ರಸ್ತೆಯನ್ನು ಕತ್ತರಿಸುವಲ್ಲಿ, ಹಳ್ಳಿಯ ಕೊನೆಯ ಮನೆಗಿಂತಲೂ ಆಚೆ, ಮುಸುಕಿನ ಜೋಳದ ಹೊಲಗಳ ನಡುವೆ ಗೇಟಿನ ಮನೆ. ಹೆಂಡತಿ ಮಾಂಡಾ ಇರುವ ತನಕ ಆ ಮನೆಯ ಕಿಟಕಿಯಲ್ಲಿ ಹೂವಿನ ಕುಂಡ ಇರುತ್ತಿತ್ತು. ಮಕ್ಕಳಾಗಲಿಲ್ಲ. ರೈಲು ಬರುವ ಮೊದಲು ತುನ್ಯಾ ಹಿಡಿ ತಿರುಗಿಸಿ ಕಂಬ ಇಳಿಸಬೇಕು, ರೈಲು ದಾಟುವ ತನಕ ಬಾವುಟ ಹಿಡಿದು ನಿಲ್ಲಬೇಕು, ಮತ್ತೆ ಕಂಬ ಎತ್ತಬೇಕು. ಗೇಟಿನಲ್ಲಿ ಸಿಕ್ಕಿಬಿದ್ದ ಟ್ರ್ಯಾಕ್ಟರಿನವರು, ಸೈಕಲ್ಲಿನವರು ಅವನ ಜೊತೆ ಎರಡು ಮಾತಾಡುತ್ತಿದ್ದರು. ಹೆಚ್ಚಿನವು ಬೈಗುಳವೇ. "ಎತ್ತೋ ಕಂಬಾನ, ನಿನ್ನ ರೈಲು ಬರೋ ಹೊತ್ತಿಗೆ ನನ್ನ ಹಾಲು ಮೊಸರಾಗುತ್ತೆ!" ಎಂದು ಕೂಗಿದರೆ ತುನ್ಯಾ "ಆಗ ಬೆಣ್ಣೆ ತೆಗಿ" ಅನ್ನುತ್ತಿದ್ದ.

ಆಮೇಲೆ ರೈಲ್ವೆಯ ದೊಡ್ಡವರಿಗೆ ಜ್ಞಾನೋದಯವಾಗಿ ಕಂಬಕ್ಕೆ ಕರೆಂಟು ಕೊಟ್ಟರು. ಈಗ ಗಂಟೆ ತಾನೇ ಬಡಿಯುತ್ತದೆ, ಕಂಬ ತಾನೇ ಇಳಿಯುತ್ತದೆ. ಯಾರನ್ನು ಬೈಯಬೇಕೋ ಜನರಿಗೆ ತಿಳಿಯದು. ಕಂಬಕ್ಕೇ ಬೈದು ಹೋಗುತ್ತಾರೆ. ಮನೆಯನ್ನು ತುನ್ಯಾನಿಗೇ ಬಿಟ್ಟರು. ದೊಡ್ಡ ಮನಸ್ಸಿನಿಂದಲ್ಲ, ಅದನ್ನು ಬೇರೆ ಯಾರೂ ಕೇಳಲಿಲ್ಲ. ಕೆಲವು ವರ್ಷಕ್ಕೆ ಮಾಂಡಾ ತೀರಿಕೊಂಡಳು. ಬೈಯುವವರೂ ಇಲ್ಲದ ಮೇಲೆ ಆ ಗೇಟು ಎಷ್ಟು ದೂರದಲ್ಲಿದೆ ಎನ್ನುವುದು ಆಗ ಗೊತ್ತಾಯಿತು.

ರಕ್ತ ಕೊಡುವ ಅಭ್ಯಾಸ ರೈಲ್ವೆಯಲ್ಲೇ ಹತ್ತಿದ್ದು. ಆ ಕಾಲದಲ್ಲಿ ಕೆಲಸಗಾರರ ಸಂಘದವರು ಗುಂಪು ಕಟ್ಟಿ, ಲಾರಿ ಹತ್ತಿ, ಹಾಡುತ್ತ ಹೋಗಿ ಕೊಟ್ಟು ಬರುತ್ತಿದ್ದರು. ಸಂಘ ಹೋಯಿತು, ಲಾರಿ ಹೋಯಿತು, ಹಾಡೂ ಹೋಯಿತು. ತುನ್ಯಾನ ತೋಳೊಂದು ಉಳಿಯಿತು. ಈಗ ಪಟ್ಟಣದಿಂದ ವೈದ್ಯರ ವ್ಯಾನು ವರ್ಷಕ್ಕೆ ಮೂರು ಸಲ ಹಳ್ಳಿಗೆ ಬರುತ್ತದೆ. ಅಗ್ನಿಶಾಮಕದವರ ಸಭಾಂಗಣದಲ್ಲಿ ಮದುವೆಯ ಮೇಜುಗಳನ್ನು ಗೋಡೆಗೆ ಸರಿಸಿ, ಮಡಚುವ ಮಂಚಗಳನ್ನು ಹಾಕುತ್ತಾರೆ.

ತುನ್ಯಾನ ತಯಾರಿ ವಾರಕ್ಕೆ ಮೊದಲೇ ಶುರುವಾಗುತ್ತಿತ್ತು. ತೋಳು ಮಡಚುತ್ತ ನಿಂತು ಜನರನ್ನು ಕಾಯಿಸಬಾರದೆಂದು ಚಳಿಗಾಲದಲ್ಲೂ ಕೋಟಿನೊಳಗೆ ಅರ್ಧ ತೋಳಿನ ಶರ್ಟು. ಅದನ್ನು ಒಗೆದು ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೂಗುಹಾಕುವನು. ಗೇಟಿನ ಪಕ್ಕದ ಆಕ್ರೋಟಿನ ಮರದ ಕಾಯಿ ಒಡೆದು, ಮುರಿಯದ ತಿರುಳನ್ನಷ್ಟೇ ಆರಿಸಿ, ಕಾಗದದ ಪೊಟ್ಟಣ ಕಟ್ಟುವನು. ಅದು ನರ್ಸ್ ಯಗೋದಾಳಿಗೆ. ಜಿಡ್ಡು ತಿಂದರೆ ರಕ್ತ ಹಾಲಿನ ಹಾಗೆ ಕಲಕುತ್ತದೆ, ಹಿಂದಿನ ದಿನ ತಿನ್ನಬೇಡಿ ಎಂದು ಹಿಂದೊಮ್ಮೆ ಯಾರೋ ವೈದ್ಯರು ಹೇಳಿದ್ದರು. ಒಂದು ದಿನದ ಪಥ್ಯವನ್ನು ತುನ್ಯಾ ವಾರಕ್ಕೆ ಎಳೆದ. ಬ್ರೆಡ್ಡು, ಚಹಾ, ಬೇಯಿಸಿದ ಕೋಸು. ಮಾಂಡಾ ಹೋದ ಮೇಲೆ ಆ ವಾರ ಮುಗಿದದ್ದೇ ಇಲ್ಲ ಅಂತ ಕಾಣುತ್ತದೆ.

ಯಗೋದಾ ದಪ್ಪನೆಯ ಹೆಂಗಸು, ನಕ್ಕರೆ ಮಂಚ ಅಲುಗುತ್ತದೆ. ತುನ್ಯಾನ ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಅಂಗೈಯಿಂದ ಉಜ್ಜಿ ಬಿಸಿ ಮಾಡುತ್ತಿದ್ದಳು.

"ಬಂದ್ರಾ ತುನ್ಯಾ ಮಾವ? ನಿದ್ದೆ ಬಂತಾ? ತಿಂದ್ರಾ? ಎಲ್ಲಿ, ನನ್ನ ಗೆಳೆಯನ್ನ ತೋರ್ಸಿ ನೋಡೋಣ."

ಗೆಳೆಯ ಅಂದರೆ ಅವನ ಮೊಣಕೈಯ ನರ. ನಿದ್ದೆ ಬಂತಾ, ತಿಂದ್ರಾ ಎಂದು ಒಂದು ವ್ಯಾನಿನಿಂದ ಮುಂದಿನ ವ್ಯಾನಿನ ತನಕ ಅವನನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ.

ಎಪ್ಪತ್ತಾದವರಿಂದ ರಕ್ತ ತೆಗೆದುಕೊಳ್ಳುವುದಿಲ್ಲ. ತುನ್ಯಾನಿಗೆ ಎಪ್ಪತ್ತಾಗುವುದು ಫೆಬ್ರವರಿಯ ಮೇಣದಬತ್ತಿ ಹಬ್ಬಕ್ಕೆ. ನವೆಂಬರಿನ ವ್ಯಾನು ಹೋದರೆ ಮತ್ತೆ ಬರುವುದು ಮಾರ್ಚಿನಲ್ಲಿ. ಹಾಗಾಗಿ ನವೆಂಬರಿನದೇ ಅವನ ಕೊನೆಯದು.

"ಈ ಸಲ ಕಣ್ಣು ಬಿಟ್ಕೊಂಡು ಕೊಡ್ತೀನಿ," ಅಂದ ನನ್ನ ಹತ್ತಿರ. "ಇಷ್ಟು ವರ್ಷ ಚಾವಣಿ ನೋಡ್ತಾ ಮಲಗ್ತಿದ್ದೆ. ಈ ಸಲ ಎಲ್ಲಾರ ಮುಖಾನೂ ನೋಡ್ತೀನಿ."

ವ್ಯಾನು ಬರುವ ಹಿಂದಿನ ದಿನವೇ ಮಾತೊ ತನ್ನ ಮನೆಯಲ್ಲಿ ಹಂದಿ ಕೊಯ್ಯುವುದೆಂದು ಇಟ್ಟುಕೊಂಡ. ಮಾತೊ ಅಂದರೆ ಗೇಟಿಗೆ ಹತ್ತಿರದ ಮನೆಯವನು. ಹತ್ತಿರ ಅಂದರೂ ಕೂಗಿದರೆ ಕೇಳಿಸದಷ್ಟು ದೂರ. ಚಳಿ ಕಚ್ಚುವ ಹೊತ್ತಿಗೆ ನಮ್ಮಲ್ಲಿ ಮನೆಮನೆಯಲ್ಲೂ ಹಂದಿ ಕೊಯ್ಯುತ್ತೇವೆ, ಒಬ್ಬರಿಗೊಬ್ಬರು ಕೈಜೋಡಿಸುತ್ತೇವೆ. ಆದರೆ ಕರೆಯುವುದು ಜೋಡಿಯನ್ನು. ಗಂಡಸರು ಕಡಿಯಬೇಕು, ಹೆಂಗಸರು ಕರುಳು ತೊಳೆದು ಸಾಸೇಜು ತುಂಬಬೇಕು. ಮಾಂಡಾ ಸತ್ತ ಮೇಲೆ ತುನ್ಯಾನನ್ನು ಯಾರೂ ಕರೆದಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅರ್ಧ ಜೋಡಿ ಯಾರ ಲೆಕ್ಕಕ್ಕೂ ಬರಲಿಲ್ಲ.

ಮಾತೊ ಟ್ರ್ಯಾಕ್ಟರಿನ ಮೇಲಿಂದಲೇ ಕೂಗಿದ: "ಲೋ ತುನ್ಯಾ! ನನ್ನ ಭಾಮೈದ ಕೈ ಮುರ್ಕೊಂಡು ಕೂತವ್ನೆ. ಒಂದು ಜೊತೆ ಕೈ ಬೇಕು. ಬರ್ತೀಯಾ, ಇಲ್ಲಾ ರೈಲಿಗೆ ಬಾವುಟ ತೋರಿಸ್ಬೇಕಾ?"

"ಬರ್ತೀನಿ," ಅಂದ ತುನ್ಯಾ. ಅಷ್ಟು ಬೇಗ ಅಂದದ್ದಕ್ಕೆ ಅವನಿಗೇ ನಾಚಿಕೆಯಾಯಿತಂತೆ.

ನಾನೂ ಅಲ್ಲಿದ್ದೆ, ಹಿಂಗಾಲು ಹಿಡಿಯುವುದಕ್ಕೆ. ಚೂರಿ ಹಾಕುವ ಮೊದಲು ಗಂಡಸರೆಲ್ಲ ಸುತ್ತ ನಿಂತು ಒಂದೊಂದು ಸಣ್ಣ ಲೋಟ ರಾಕಿಯಾ ಕುಡಿಯಬೇಕು, ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ. ಕುಡಿಯದವನ ಕೈ ತಾಗಿದರೆ ಮಾಂಸ ಹುಳಿಯುತ್ತದೆ ಎಂದು ನಂಬಿಕೆ. ತುನ್ಯಾ ಲೋಟವನ್ನು ತುಟಿಗೆ ಮುಟ್ಟಿಸಿ, ಮೆಲ್ಲಗೆ ಬೆನ್ನ ಹಿಂದೆ ಒಯ್ದು ಹುಲ್ಲಿಗೆ ಸುರಿದ. ನನ್ನ ಲೋಟವೂ ಅಲ್ಲಿಗೇ ಹೋಗಿತ್ತು, ಆದರೆ ಮಾತೊನ ಕಣ್ಣಿಗೆ ಬಿದ್ದದ್ದು ಅವನದು.

"ಏನೋ ಅದು? ನನ್ನ ರಾಕಿಯಾನ ಮಣ್ಣಿಗೆ ಕುಡಿಸ್ತಿದೀಯಾ?"

"ಹೊಟ್ಟೆ ಸರಿ ಇಲ್ಲ ಮಾತೊ."

"ಹೊಟ್ಟೆ ಸರಿ ಇಲ್ಲದೋನು ಕರುಳು ತೊಳೆಯೋಕೆ ಯಾಕಯ್ಯಾ ಬಂದೆ? ನಿನ್ನ ಕರುಳನ್ನೇ ಮೊದ್ಲು ತೊಳ್ಕೊ!"

ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು. "ಅವನು ನಾಳೆ..." ಎಂದು ಬಾಯಿ ತೆರೆದೆ. ತುನ್ಯಾ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ. ಅವನದೊಂದು ಹಟ ನನಗೆ ಗೊತ್ತಿತ್ತು. ಕೊಡೋದನ್ನ ಮೊದಲೇ ಸಾರಿದ್ರೆ ಅದು ಕೊಟ್ಟ ಹಾಗಲ್ಲ, ಮಾರಿದ ಹಾಗೆ ಅನ್ನುತ್ತಿದ್ದ. ಎಂಥ ಹಾಳು ಹಟ! ಒಂದು ಮಾತು ಹೇಳಿದ್ದರೆ ಮಾತೊನೇ ಅವನಿಗೆ ಚಹಾ ಕಾಸಿ ಕೊಡುತ್ತಿದ್ದ.

ಮಧ್ಯಾಹ್ನ ಮೊದಲ ತಟ್ಟೆ ಬಂತು, ಈರುಳ್ಳಿ ಹಾಕಿ ಹುರಿದ ಲಿವರ್. ಮಾತೊನ ಹೆಂಡತಿ ರೇಜಾ ತಾನೇ ತಂದು ಅವನ ಮುಂದಿಟ್ಟಳು.

"ತುನ್ಯಣ್ಣ, ಒಂದು ತುಂಡು. ಮಾಂಡಾಗೆ ಎಷ್ಟು ಇಷ್ಟ ಆಗಿತ್ತು ಇದು."

"ಬೇಡ ರೇಜಾ. ಬ್ರೆಡ್ ಇದ್ರೆ ಸಾಕು."

ರೇಜಾಳ ಮುಖ ಸಣ್ಣದಾಯಿತು. ಹಂದಿಯ ಕೆಲಸ ಮುಗಿಸಿ ಹೊರಟವರಿಗೆ ಹೊಸ ಸಾಸೇಜು, ರಕ್ತ ತುಂಬಿದ ಕರುಳು ಇಟ್ಟು ಬಟ್ಟೆ ಮುಚ್ಚಿ ಒಂದು ತಟ್ಟೆ ಕೊಡುವುದು ನಮ್ಮ ಪದ್ಧತಿ. ತಟ್ಟೆ ಇಲ್ಲದೆ ಕಳಿಸುವುದೆಂದರೆ ಇನ್ನು ಬರಬೇಡ ಅಂದ ಹಾಗೆ. ಸಂಜೆ ಹೊರಡುವಾಗ ರೇಜಾ ತುನ್ಯಾನ ತಟ್ಟೆಯನ್ನು ಕೈಯಲ್ಲಿ ಹಿಡಿದು ಗಂಡನ ಮುಖ ನೋಡಿದಳು. ಅಷ್ಟು ಹೊತ್ತಿಗೆ ಮಾತೊನ ಮೂಗು ಕೆಂಪಾಗಿತ್ತು.

"ತಿನ್ನದೋನಿಗೆ ತಟ್ಟೆ ಯಾಕೆ? ಇಡು ಒಳಗೆ. ದೊಡ್ಡ ಮನುಷ್ಯ, ನಮ್ಮ ಮನೆ ಕೂಳು ಅವನ ಗಂಟಲಲ್ಲಿ ಇಳಿಯಲ್ಲ."

ತುನ್ಯಾ ಟೋಪಿ ಹಾಕಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ, ಬರಿಗೈಯಲ್ಲಿ ಹೊಲದ ದಾರಿ ಹಿಡಿದ. ಯಾರೂ ಬಾಗಿಲ ತನಕ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಸಭಾಂಗಣಕ್ಕೆ ಎಲ್ಲರಿಗಿಂತ ಮೊದಲು ಬಂದವನು ಅವನೇ. ಇಸ್ತ್ರಿಯ ಶರ್ಟು, ಹೊಳೆಯುವ ಬೂಟು, ಕೋಟಿನ ಜೇಬಿನಲ್ಲಿ ಆಕ್ರೋಟು. ಮೂಲೆಯಲ್ಲಿ ಹಂಡೆಯಲ್ಲಿ ಸಾರು ಕುದಿಯುತ್ತಿತ್ತು. ಯಗೋದಾ ದೂರದ ಮಂಚದಿಂದಲೇ ಕೈಯಾಡಿಸಿ "ಬೇಗ ಬನ್ನಿ ಮಾವ, ಜಾಗ ಬಿಸಿ ಮಾಡಿಟ್ಟಿದೀನಿ" ಎಂದು ಕೂಗಿದಳು.

ಮಂಚಕ್ಕೆ ಹೋಗುವ ಮೊದಲು ಬೆರಳು ಚುಚ್ಚುತ್ತಾರೆ. ಒಂದು ಹನಿ ರಕ್ತವನ್ನು ನೀಲಿ ನೀರಿನ ಲೋಟಕ್ಕೆ ಬಿಡುತ್ತಾರೆ. ಮುಳುಗಿದರೆ ರಕ್ತ ಗಟ್ಟಿ, ತೇಲಿದರೆ ತೆಳು. ತುನ್ಯಾನ ಹನಿ ಯಾವಾಗಲೂ ಕಲ್ಲಿನಂತೆ ತಳ ಸೇರುತ್ತಿತ್ತು. ಅವತ್ತು ಸ್ವಲ್ಪ ಇಳಿಯಿತು, ನಡುವೆ ನಿಂತಿತು, ಏನೋ ಮರೆತು ಬಂದವನ ಹಾಗೆ ಮೆಲ್ಲಗೆ ಮೇಲಕ್ಕೆ ಹೊರಟಿತು.

"ಇನ್ನೊಂದ್ಸಲ ನೋಡಮ್ಮ," ಎಂದು ತುನ್ಯಾ ಬೇರೆ ಬೆರಳು ಚಾಚಿದ.

ಎರಡನೆಯದೂ ತೇಲಿತು.

ವೈದ್ಯೆ ಹೊಸಬಳು, ಚಿಕ್ಕ ವಯಸ್ಸು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಊಟಕ್ಕೆ ಏನು ಮಾಡ್ತೀರಿ?"

"ಬ್ರೆಡ್ಡು, ಚಹಾ. ಕೋಸು ಬೇಯಿಸ್ಕೋತೀನಿ."

"ನಿನ್ನೆಯದಲ್ಲ, ದಿನಾ ಏನು ತಿಂತೀರಿ ಅಂತ ಕೇಳಿದೆ."

"ದಿನಾನೂ ಅದೇ."

"ಮಾಂಸ? ಮೊಟ್ಟೆ?"

"ಒಬ್ಬನಿಗೋಸ್ಕರ ಯಾರು ಮಾಡ್ಕೊಂಡು ಕೂರ್ತಾರೆ ಡಾಕ್ಟ್ರಮ್ಮ?"

ಅವಳು ಪೆನ್ನು ಕೆಳಗಿಟ್ಟಳು. "ಇವತ್ತು ತೆಗೆಯೋಕಾಗಲ್ಲ. ನಿಮ್ಮ ರಕ್ತ ನಿಮಗೇ ಸಾಲ್ತಾ ಇಲ್ಲ."

ನನಗೆ ತಡೆಯಲಾಗಲಿಲ್ಲ. ಸಾಲಿನಿಂದ ಎದ್ದು ಹೋಗಿ ಮೇಜು ಗುದ್ದಿದೆ. "ಈ ಮನುಷ್ಯನ ರಕ್ತ ಈ ಸೀಮೆಯಲ್ಲಿ ಎಷ್ಟು ಜನರ ಮೈಯಲ್ಲಿ ಓಡ್ತಿದೆ ಗೊತ್ತಾ ನಿಮಗೆ? ಒಂದು ಹನಿ ತೇಲ್ತು ಅಂತ ಆಚೆ ಕಳಿಸ್ತೀರಾ?"

"ನೀವು ಕೂತ್ಕೊಳ್ಳಿ. ನಿಮ್ಮ ಬಿಪಿ ಏರುತ್ತೆ," ಅಂದಳು ತಣ್ಣಗೆ. ಏರಿಯೇ ಇತ್ತು. ಆ ಒಂದು ಗುದ್ದಿಗೆ ನನ್ನನ್ನು ಸಾಲಿನ ಕೊನೆಗೆ ಕಳಿಸಿ ತುಂಬಾ ಹೊತ್ತು ಕಾಯಿಸಿದರು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ನನಗೆ ಇನ್ನೂ ಸಿಟ್ಟು.

"ನಿಮ್ಮ ಡಾಕ್ಟ್ರಿಗೆ ಒಂದ್ಸಲ ತೋರಿಸಿ, ಚೆನ್ನಾಗಿ ತಿನ್ನಿ, ಮುಂದಿನ ಸಲ ಬನ್ನಿ," ಅಂದಳು ತುನ್ಯಾನಿಗೆ.

"ಮುಂದಿನ ಸಲ ಇಲ್ಲ."

ಅವಳು ಅವನ ಹುಟ್ಟಿದ ತಾರೀಕು ನೋಡಿದಳು. ಆಮೇಲೆ ದನಿ ತಗ್ಗಿಸಿ, "ಫೆಬ್ರವರಿಗೆ ಮೊದಲು ಓಸಿಯೆಕ್‌ಗೆ ಬಂದ್ಬಿಡಿ. ಅಲ್ಲಿ ಆಸ್ಪತ್ರೆಯಲ್ಲಿ ದಿನಾ ತಗೋತಾರೆ. ರಕ್ತ ಗಟ್ಟಿಯಾಗಿದ್ರೆ ಖಂಡಿತ ತಗೋತಾರೆ," ಅಂದಳು.

ತುನ್ಯಾ ತಲೆಯಾಡಿಸಿದ. ಅವನು ಯೋಚಿಸುತ್ತಿದ್ದದ್ದು ಓಸಿಯೆಕ್ ಅಲ್ಲ ಎಂದು ನನಗೆ ಗೊತ್ತಿತ್ತು. ಈ ಸಭಾಂಗಣದಲ್ಲಿ, ಈ ಜನರ ನಡುವೆ, ಅವನ ಕೊನೆಯದು ಹಿಂದಿನ ವ್ಯಾನು ಬಂದ ಆಗಸ್ಟಿನಲ್ಲೇ ಮುಗಿದುಹೋಗಿತ್ತು. ಅವನಿಗೇ ಗೊತ್ತಿಲ್ಲದೆ, ಚಾವಣಿ ನೋಡುತ್ತ ಮಲಗಿದ್ದಾಗ.

ಯಗೋದಾ ಕೈಯೊರೆಸಿಕೊಳ್ಳುತ್ತ ಬಂದಳು. ಅವತ್ತು ನಗಲಿಲ್ಲ. "ಇರ್ಲಿ ಬಿಡಿ ಮಾವ. ಬನ್ನಿ, ಸಾರು ಕುಡ್ದು ಹೋಗಿ. ನಿಮ್ಮ ಜಾಗ ಇದೆಯಲ್ಲ ಬೆಂಚಲ್ಲಿ."

"ಕೊಡದೆ ಕೂರೋದು ಹೇಗಮ್ಮ?" ಅಂದ. ಆಕ್ರೋಟಿನ ಪೊಟ್ಟಣ ಅವಳ ಕೈಗಿಟ್ಟು ಹೊರಟ.

ಬಾಗಿಲಲ್ಲಿ ಮಾತೊ ಎದುರಾದ. ಅಗ್ನಿಶಾಮಕ ದಳದಲ್ಲಿ ಅವನೂ ಒಬ್ಬ; ದಳದವರೆಲ್ಲ ರಕ್ತ ಕೊಡುವುದು ವಾಡಿಕೆ, ಹಾಗಾಗಿ ಬಂದಿದ್ದ. ಸೂಜಿ ಕಂಡರೆ ಅವನಿಗೆ ಭಯ. ಧೈರ್ಯಕ್ಕೆಂದು, ರಕ್ತವೂ ಕೆಂಪೇರಲಿ ಎಂದು, ಮನೆಯಲ್ಲೇ ಒಂದು ಲೋಟ ಹಾಕಿಕೊಂಡಿದ್ದ; ಹಿಂದಿನ ದಿನದ್ದೂ ಇಳಿದಿರಲಿಲ್ಲ. ವೈದ್ಯೆ ಅವನ ಬೆರಳನ್ನೂ ಮುಟ್ಟಲಿಲ್ಲ.

"ಬಾಯಿ ಮುಚ್ಚಿ ಸ್ವಾಮಿ, ನಿಮ್ಮ ಉಸಿರಿಗೆ ಬೆಂಕಿ ಹತ್ಕೊಂಡೀತು. ಕುಡಿದು ರಕ್ತ ಕೊಡೋಕೆ ಬರ್ತಾರಾ ಯಾರಾದ್ರೂ? ಹೋಗಿ ಮನೆಗೆ."

"ಒಂದೇ ಲೋಟ, ಡಾಕ್ಟ್ರಮ್ಮ!"

"ಒಂದು ಹನೀನೂ ಕೂಡದು. ಹಿಂದಿನ ದಿನದಿಂದ್ಲೇ ಕೂಡದು."

ಹೊರಗೆ ಮೆಟ್ಟಿಲ ಮೇಲೆ ತುನ್ಯಾ ಬೂಟಿನ ದಾರ ಕಟ್ಟುತ್ತಿದ್ದ. ಮಾತೊ ಅವನ ಪಕ್ಕ ಬಂದು ನಿಂತ. ಹಿಂದಿನ ದಿನದಿಂದಲೇ ಕೂಡದು ಅನ್ನುವುದು ಅವನ ಮಂಡೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದಾಗ ಮುಖದ ಬಣ್ಣವೇ ಬದಲಾಯಿತು.

"ಅದಕ್ಕೇನೋ ನೀನು ನಿನ್ನೆ..."

"ಹೂಂ."

"ಹೇಳೋಕೇನಾಗಿತ್ತು ನಿಂಗೆ? ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಕತ್ತೆ! ಮಾಂಡಾ ಹೆಂಗಪ್ಪಾ ಬಾಳ್ವೆ ಮಾಡಿದ್ಲು ನಿನ್ನ ಜೊತೆ!"

"ಅವಳಿಗೆ ಹೇಳ್ತಿದ್ದೆ," ಅಂದ ತುನ್ಯಾ.

ಮಾತೊ ದಡದಡ ಮೆಟ್ಟಿಲಿಳಿದು ಹೋದ. ಆವತ್ತು ಸಂಜೆಯೊಳಗೆ ಗೇಟಿನ ಮನೆಯ ಕಿಟಕಿಯ ಹಲಗೆಯ ಮೇಲೆ, ಮಾಂಡಾ ಹೂಕುಂಡ ಇಡುತ್ತಿದ್ದ ಜಾಗದಲ್ಲಿ, ಬಟ್ಟೆ ಮುಚ್ಚಿದ ತಟ್ಟೆ ಇತ್ತು. ಲಿವರ್, ರಕ್ತದ ಕರುಳು, ಮೂಳೆಯ ಸಾರು. ಮಾರನೆಯ ವಾರವೂ ಇತ್ತು, ಅದರ ಮಾರನೆಯ ವಾರವೂ. ಮಾತೊ ತಟ್ಟೆ ಇಟ್ಟು, ಹಾರ್ನ್ ಹೊಡೆದು, ಹೊರಟುಬಿಡುತ್ತಿದ್ದ. "ಒಳಗೆ ಬಾರೋ" ಅಂದರೆ "ಟ್ರ್ಯಾಕ್ಟರ್ ಆನ್ ಇದೆ" ಅನ್ನುತ್ತಿದ್ದ. ಕ್ಷಮಿಸು ಎನ್ನಲು ಬಾರದವರ ರೀತಿಯೇ ಹಾಗೆ. ಒಳಗೆ ಬಂದು ಕೂತಿದ್ದರೆ ಅವನ ಗಂಟೇನು ಹೋಗುತ್ತಿತ್ತೋ! ತುನ್ಯಾ ಮೇಜಿಗೆ ಒಂದೇ ಚಮಚ ಇಟ್ಟುಕೊಂಡು ತಿನ್ನುತ್ತಿದ್ದ. ನಮ್ಮ ಹಳ್ಳಿಯ ವೈದ್ಯರು ಅವನನ್ನು ಪೂರ್ತಿ ನೋಡಿ, ರೋಗವೇನೂ ಇಲ್ಲ, ತಟ್ಟೆಯದೇ ದೋಷ ಎಂದು ಕಬ್ಬಿಣದ ಮಾತ್ರೆ ಕೊಟ್ಟರು.

ಜನವರಿಯ ಕೊನೆಗೆ ಅವನು ಓಸಿಯೆಕ್‌ಗೆ ಹೋದ. ನನ್ನ ಕಾರಿನಲ್ಲಿ ಬಿಡುತ್ತೇನೆ ಅಂದರೆ ಕೇಳಲಿಲ್ಲ, ರೈಲು ಹತ್ತಿದ. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಮಾರ್ಚಿನಲ್ಲಿ, ವ್ಯಾನು ಬಂದ ದಿನ. ಅವನು ಸಭಾಂಗಣದ ಕಡೆ ಸುಳಿಯಲಿಲ್ಲ. ನಾನೇ ಮೊಣಕೈಗೆ ಹತ್ತಿ ಕಟ್ಟಿಕೊಂಡು ಗೇಟಿನ ತನಕ ಹೋದೆ.

ಪಟ್ಟಣದಲ್ಲಿ ನೀಲಿ ನೀರಿಲ್ಲವಂತೆ. ಯಂತ್ರವೊಂದು ಅಂಕಿ ತೋರಿಸಿತು, ಅಂಕಿ ಸರಿಯಾಗಿತ್ತು. ಒರಗುವ ಕುರ್ಚಿಗಳು ಸಾಲಾಗಿದ್ದವು, ಹೆಚ್ಚಿನವು ಖಾಲಿ. ಒಂದರಲ್ಲಿ ಕಾಲೇಜಿನ ಹುಡುಗಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ನರ್ಸು ಒಳ್ಳೆಯವಳು, ಕೈಗವಸು ಹಾಕಿಕೊಂಡಿದ್ದಳು. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮೊದಲೇ ಪರದೆ ನೋಡಿಕೊಂಡು ಬೇರೊಬ್ಬರು ಕೇಳಿ ಮುಗಿಸಿದ್ದರು. ಹಾಗಾಗಿ ಅವಳು ಸುಮ್ಮನೆ ತೋಳಿಗೆ ಪಟ್ಟಿ ಬಿಗಿದಳು.

"ನಿದ್ದೆ ಬಂತು. ತಿಂದಿದೀನಿ," ಅಂದನಂತೆ ತುನ್ಯಾ.

"ಏನಂದ್ರಿ?"

"ಏನಿಲ್ಲಮ್ಮ."

ಸೂಜಿ ಹೋಯಿತು. ಅಂದುಕೊಂಡಿದ್ದ ಹಾಗೆ ಅವನು ಕಣ್ಣು ಬಿಟ್ಟುಕೊಂಡೇ ಇದ್ದ. ನೋಡಲು ಕುರ್ಚಿಗಳಿದ್ದವು, ಗೋಡೆ ಇತ್ತು. ಚೀಲ ತುಂಬಿತು. ಅವನು ಆಕ್ರೋಟು ಕೊಡಹೋದಾಗ ಅವಳು ನಕ್ಕು, "ಇಲ್ಲಿ ತಗೊಳ್ಳೋ ಹಾಗಿಲ್ಲ ತಾತ" ಅಂದಳು. ಕೈಗೆ ಪ್ಲಾಸ್ಟಿಕ್ ಸುತ್ತಿದ ಸ್ಯಾಂಡ್‌ವಿಚ್ಚು, ಡಬ್ಬಿಯ ಹಣ್ಣಿನ ರಸ ಕೊಟ್ಟಳು. ಕೂತು ತಿನ್ನಲು ಒಂದು ಕುರ್ಚಿಯೂ ಇತ್ತು. ಒಂದು.

ಹಿಂದಿರುಗುವಾಗ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಆಕ್ರೋಟನ್ನು ತಾನೇ ತಿಂದ. ಅವನ ಮನೆಯನ್ನು ಅವನು ರೈಲಿನಿಂದ ನೋಡಿದ್ದು ಕಡಿಮೆ. ಜೀವನವಿಡೀ ನೋಡಿದ್ದು ರೈಲನ್ನು, ಮನೆಯಿಂದ. ಗಂಟೆ ಬಡಿಯುತ್ತಿತ್ತು, ಕಂಬ ಇಳಿದಿತ್ತು. ಕಂಬದ ಆಚೆ ಮಾತೊ ಟ್ರ್ಯಾಕ್ಟರಿನ ಮೇಲೆ ಕೂತಿದ್ದ. ತುನ್ಯಾ ಎದ್ದು ನಿಂತು, ಹತ್ತಿ ಕಟ್ಟಿದ ತೋಳನ್ನು ಗಾಜಿಗೆ ಎತ್ತಿ ಹಿಡಿದ. ಮಾತೊ ತಲೆ ತಗ್ಗಿಸಿ ಸಿಗರೇಟು ಹಚ್ಚುತ್ತಿದ್ದ. ತುಟಿ ಅಲುಗಿದ್ದು ಕಾಣಿಸಿತಂತೆ, ರೈಲಿಗೆ ಬೈಯುತ್ತಿದ್ದ.

"ಏನಂತ ಬೈದಿರ್ತಾನೆ ನಂಗೊತ್ತು," ಅಂದ ತುನ್ಯಾ ನನಗೆ. "ನಂಗೇ ಬೈಯ್ತಿದ್ದ ಬೈಗುಳ ಅದು."

ರೈಲಿನಿಂದ ಅವನ ಮನೆಯ ಕಿಟಕಿಯ ಹಲಗೆಯ ಮೇಲೆ ತಟ್ಟೆಯೂ ಕಾಣಿಸಿತಂತೆ. ಆದರೆ ರೈಲು ನಿಲ್ಲುವುದು ಗೇಟಿನಲ್ಲಲ್ಲ, ಮುಂದಿನ ನಿಲ್ದಾಣದಲ್ಲಿ. ಅಲ್ಲಿಂದ ಹಳಿಗುಂಟ ನಡೆದು ಬರುವಷ್ಟರಲ್ಲಿ ಕಂಬ ಮೇಲೆದ್ದಿತ್ತು, ರಸ್ತೆ ಖಾಲಿಯಾಗಿತ್ತು, ತಟ್ಟೆ ತಣ್ಣಗಾಗಿತ್ತು. ಅದನ್ನು ಬಿಸಿ ಮಾಡಿಕೊಂಡು ಪೂರ್ತಿ ತಿಂದನಂತೆ, ಅರ್ಧ ಉಳಿಸಲಿಲ್ಲ. ತೋಳಿನ ಹತ್ತಿಯನ್ನು ಮಾತ್ರ, ಯಾರಾದರೂ ಗೇಟಿನ ಕಡೆ ಬಂದಾರೆಂದು, ಅದು ತಾನಾಗಿ ಬಿಟ್ಟುಕೊಳ್ಳುವ ತನಕ ತೆಗೆಯಲಿಲ್ಲ.